ಜಾಲರಿಯ ಕೆಳಗಿನ ಪುಂಡಿ

ತೊಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನ ಘಾಲಾದಲ್ಲಿ ಒಂದು ಗ್ಯಾರೇಜಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ರಾಯಚೂರಿಂದ ಬೀಜ ತಂದು ಗ್ಯಾರೇಜಿನ ಹಿಂದಿನ ಜಾಗದಲ್ಲಿ ಪುಂಡಿಸೊಪ್ಪು ಹಾಕಿದ್ದೆ. ಗಿಡ ನೆಟ್ಟಗೆ ಬೆಳೆದರೆ ಸೊಪ್ಪು ಕಮ್ಮಿ. ಅದಕ್ಕೆ ಮೇಲೊಂದು ಹಳೇ ತಂತಿ ಜಾಲರಿ ಕಟ್ಟಿ, ಎಳೇ ಕುಡಿಗಳನ್ನು ಮೆಲ್ಲಗೆ ಬಗ್ಗಿಸಿ ಅದರ ಕೆಳಗೇ ಹರಡಿಸುತ್ತಿದ್ದೆ.

ಒಂದು ದಿನ ಗಾಡಿ ರಿಪೇರಿಗೆ ಬಂದ ಒಮಾನಿ ಪೊಲೀಸನೊಬ್ಬ ಕೈ ತೊಳೆಯಲು ಹಿಂದಕ್ಕೆ ಬಂದ. ಬೆರಳು ಬಿಡಿಸಿದಂಥ ಎಲೆ ನೋಡಿ ಹುಬ್ಬು ಗಂಟಿಕ್ಕಿದ.

"ಗಾಂಜಾ ಅಲ್ಲವಾ ಇದು? ಬಗ್ಗಿಸಿ ಬಚ್ಚಿಟ್ಟಿದ್ದೀಯಾ?" ಎಂದು ಹಿಂದಿಯಲ್ಲಿ ಕೇಳಿದ.

ಅಲ್ಲಿ ಅದಕ್ಕೆ ಜೈಲೇ ಗತಿ. "ಪಲ್ಯದ ಸೊಪ್ಪು, ಸಾಬ್!" ಎಂದು ಒಂದು ಹಿಡಿ ಕಿತ್ತು ಹಸಿಯಾಗಿಯೇ ಅಗಿದೆ. ಅವನೂ ಅನುಮಾನದಿಂದಲೇ ಒಂದೆಲೆ ಬಾಯಿಗಿಟ್ಟ. ಹುಳಿಗೆ ಕಣ್ಣು ಮುಚ್ಚಿಕೊಂಡವನು ಜೋರಾಗಿ ನಕ್ಕುಬಿಟ್ಟ.

"ಖಲಾಸ್, ಅನುಮಾನ ಮುಗೀತು! ನನ್ನ ಹೆಂಡತಿ ಬಸುರಿ. ದಿನಾ ಹುಳಿ ಬೇಕು ಅಂತಾಳೆ. ಸ್ವಲ್ಪ ಕೊಡು."

ಅಂದಿನಿಂದ ವಾರವಾರವೂ ಪೊಲೀಸ್ ಗಾಡಿ ನಮ್ಮ ಬಾಗಿಲಿಗೆ ಬರತೊಡಗಿತು. ನಾನು ಯಾವುದೋ ದೊಡ್ಡ ಕೇಸಿನಲ್ಲಿ ಸಿಕ್ಕಿಬಿದ್ದಿದ್ದೇನೆಂದು ಅಕ್ಕಪಕ್ಕದ ಗ್ಯಾರೇಜಿನವರು ಮಾತು ಬಿಟ್ಟರು. ಮಗಳು ಹುಟ್ಟಿದ ಖುಷಿಗೆ ಆ ಪೊಲೀಸ ತಂದ ಹಲ್ವಾ ನಾನು ಹಂಚಿದ ದಿನ ಮಾತ್ರ ಎಲ್ಲರೂ ನನ್ನ ಹಳೇ ಗೆಳೆಯರಾಗಿದ್ದರು.