ಬೊಕಾರಿಯ ನಾಲಿಗೆ

ಬೊಕಾರಿ ಒಂದು ಕಡೆ ಕೂತದ್ದನ್ನು ಕಂಡವರು ಕಡಿಮೆ. ಕೆರೊಲಿನಾದ ಆ ನದಿಗೆ ಸಮುದ್ರದ ಉಬ್ಬರ ದಿನಕ್ಕೆರಡು ಸಲ ಏರಿ ಬರುತ್ತದೆ. ಬಂದಾಗಲೆಲ್ಲ, ಗದ್ದೆಯ ನೀರು ನೋಡಿಕೊಳ್ಳುವ ನೀರುಗಂಟಿಯಾದ ಅವನು ಏರಿಯ ಮೇಲಿರಬೇಕು. ಉಬ್ಬರ ತಳ್ಳಿಕೊಂಡು ಬರುವ ಸಿಹಿನೀರನ್ನು ತೂಬಿನ ಹಲಗೆ ಎತ್ತಿ ಗದ್ದೆಗೆ ಬಿಡಬೇಕು, ಹಿಂದೆಯೇ ಉಪ್ಪು ಬಂತೆಂದರೆ ತಟ್ಟನೆ ಹಲಗೆ ಇಳಿಸಬೇಕು. ತಪ್ಪಿದರೆ ಅಷ್ಟೂ ಭತ್ತ ನಾಲ್ಕು ದಿನದಲ್ಲಿ ಒಣಹುಲ್ಲು. ಬೊಕಾರಿ ಸೋರೆಬುರುಡೆಯಲ್ಲಿ ನೀರು ಮೊಗೆದು, ಬಾಯಲ್ಲಿ ಆಡಿಸಿ, ಉಗಿದು, ಹಲಗೆ ಹಿಡಿದವರಿಗೆ 'ಎತ್ತಿ' ಎನ್ನುತ್ತಿದ್ದ, ಇಲ್ಲವೆ 'ಇಳಿಸಿ' ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಈ ವಿದ್ಯೆ ಕಲಿತದ್ದು ಸಮುದ್ರದಾಚೆ, ಅಪ್ಪನ ಗದ್ದೆಯಲ್ಲಿ. ಗುಲಾಮನಾಗಿ ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದವರು ಅವನ ತೋಳಿಗೆ, ಹಲ್ಲಿಗೆ ಬೆಲೆ ಕಟ್ಟಿದ್ದರು. ನಾಲಿಗೆ ಪುಕ್ಕಟೆ ಬಂತು.

ಹೆಂಡತಿ ಸತ್ತ ಮೇಲೆ ಅವನಿಗಿದ್ದದ್ದು ಮಗಳು ಫೆಂಡಾ ಒಬ್ಬಳೇ. ಮಗುವನ್ನು ಬಿಟ್ಟುಹೋಗುವುದೆಲ್ಲಿ? ಬೆನ್ನಿಗೆ ಕಟ್ಟಿಕೊಂಡೇ ಏರಿಯ ಮೇಲೆ ಓಡಾಡಿದ. ಆಟದ ಹಾಗೆ ಅವಳ ನಾಲಿಗೆಗೂ ಒಂದೊಂದು ಹನಿ ಹಾಕುತ್ತಿದ್ದ. ಹದಿನಾರು ತುಂಬುವಷ್ಟರಲ್ಲಿ ಅವಳು ಅಪ್ಪನಿಗಿಂತ ಮೊದಲೇ ಮುಖ ಹಿಂಡುತ್ತಿದ್ದಳು.

ಆ ಬೇಸಿಗೆ ಮಳೆ ಕೈಕೊಟ್ಟಿತ್ತು. ನದಿ ಸೊರಗಿ, ಉಪ್ಪು ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಅಂಥ ಹೊತ್ತಿನಲ್ಲೇ ತೋಟದ ಬಿಳಿಯ ಮೇಲ್ವಿಚಾರಕ ಗ್ರೇಡನ್ ಸುದ್ದಿ ತಂದ. ಚಾರ್ಲ್ಸ್‌ಟೌನಿನಲ್ಲಿದ್ದ ದಣಿಯ ಮಗಳಿಗೆ ಮದುವೆಯಾಗಿತ್ತು. ಅವಳು ಸವಾನಾ ಊರಿಗೆ ಹೋಗುವಾಗ ಜೊತೆಗೊಬ್ಬ ಕೆಲಸದ ಹುಡುಗಿ ಬೇಕು. ಫೆಂಡಾ ಹೋಗಬೇಕು. ದೋಣಿ ಬರುವುದು ಅಮಾವಾಸ್ಯೆಯ ದಿನ, ಇನ್ನು ಆರು ದಿನಕ್ಕೆ. ಮೇಕೆಮರಿ ಉಡುಗೊರೆ ಕೊಟ್ಟಷ್ಟು ಸಲೀಸು.

ಬೊಕಾರಿ ಊಟ ಬಿಟ್ಟ. ಕೆಲಸವಿಲ್ಲದಾಗಲೂ ಏರಿಯ ಈ ತುದಿಯಿಂದ ಆ ತುದಿಗೆ ತಿರುಗಿದ. ಮಗಳನ್ನು ಕರೆದುಕೊಂಡು ಓಡಿಹೋಗೋಣವೆಂದರೆ ಜೌಗಿನಲ್ಲಿ ಬೇಟೆನಾಯಿಗಳು. ಉಪ್ಪುನೀರು ಬಿಟ್ಟು ಗದ್ದೆಯೆಲ್ಲ ಸುಟ್ಟುಬಿಡಲೇ ಎಂದೂ ಅನ್ನಿಸಿತು, ಹಲಗೆಯ ಮೇಲೆ ಕೈಯನ್ನೂ ಇಟ್ಟ. ಆದರೆ ಪಕ್ಕದ ತೋಟದಲ್ಲಿ ಬೆಳೆ ಕೆಟ್ಟ ವರ್ಷ ಹನ್ನೊಂದು ಜನರನ್ನು ಮಾರಿದ್ದು ನೆನಪಾಗಿ ಕೈ ಹಿಂದಕ್ಕೆ ಬಂತು.

ನಾಲ್ಕನೆಯ ದಿನ ಗ್ರೇಡನ್ ಎದುರು ನಿಂತ.

"ದೊರೆ, ನನ್ನ ನಾಲಿಗೆ ಸತ್ತೋಗದೆ. ಏನ್ ಬಾಯಿಗಿಟ್ರೂ ಬೂದಿ ತಿಂದಂಗೆ."

"ಏನಾಟ ಆಡ್ತಿದೀಯೋ? ಅಮಾವಾಸ್ಯೆ ಉಬ್ಬರ ತಲೆ ಮೇಲೆ ಕೂತಿದೆ!"

"ಅದಕ್ಕೇ ಹೇಳ್ತಿರೋದು. ಉಪ್ಪೋ ಸಿಹಿಯೋ ನಂಗೆ ಗೊತ್ತಾಗಕಿಲ್ಲ. ನನ್ನ ಬಿಟ್ರೆ ಫೆಂಡಾಗೆ ಗೊತ್ತು."

ಗ್ರೇಡನ್ ದಡ್ಡನಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆಸಿದ. ಬುರುಡೆ ನೀರಿಗೆ ಮೂರು ಹಿಡಿ ಉಪ್ಪು ಕಲಸಿ ಬೊಕಾರಿಯ ಕೈಗೆ ಕೊಟ್ಟ.

"ಕುಡಿ. ಒಂದು ತೊಟ್ಟೂ ಬಿಡಬಾರದು."

ಬೊಕಾರಿ ಎತ್ತಿ ಕುಡಿದ. ನಡುವೆ ಉಸಿರು ತೆಗೆದುಕೊಂಡು ಮತ್ತೆ ಕುಡಿದ. ಹುಬ್ಬು ಅಲುಗಲಿಲ್ಲ.

"ಹೆಂಗಿದೆ?"

"ನೀರು, ದೊರೆ. ಸ್ವಲ್ಪ ಬೆಚ್ಚಗದೆ."

ಆಮೇಲೆ ಫೆಂಡಾಳ ಮುಂದೆ ಐದು ಬುರುಡೆ ಇಟ್ಟರು. ಯಾವುದರಲ್ಲಿ ಎರಡೇ ಹರಳು ಉಪ್ಪಿದೆ ಎಂಬುದನ್ನೂ ಅವಳು ಹೇಳಿಬಿಟ್ಟಳು. ಫೆಂಡಾ ದೋಣಿ ಹತ್ತುವುದು ಬೇಡವೆಂದು ಗ್ರೇಡನ್ ಹೇಳಿ ಹೋದ. ತೂಬು ಅವಳದಾಯಿತು, ಬೊಕಾರಿಯ ಕೈಗೆ ಗುದ್ದಲಿ ಬಂತು.

ಅವನು ಹೇಗೋ ಕಣಜದ ಹಿಂದಿನವರೆಗೆ ನಡೆದುಹೋಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ. ತಲೆ ಎತ್ತಿದರೆ ಪಕ್ಕದ ಗುಡಿಸಿಲಿನ ಕುಂಬಾ ನಿಂತಿದ್ದಳು. ಫೆಂಡಾಳ ತಾಯಿ ಸತ್ತಾಗ ಮಗುವಿಗೆ ಮೊಲೆಯೂಡಿಸಿದವಳು ಅವಳೇ. ನಕ್ಕು, ನೀರು ಕೊಟ್ಟು, ಬೆನ್ನು ನೀವಿದಳು.

"ಭಲೇ ಅಣ್ಣ! ಆ ಬಿಳೀ ಕತ್ತೆ ಮೂತಿ ನೋಡ್ಬೇಕಾಗಿತ್ತು. ಎದರ್ಬೇಡ, ನನ್ ಬಾಯಿಂದ ಒಂದ್ ಮಾತೂ ಆಚೆ ಬರಾಕಿಲ್ಲ."

ಅಮಾವಾಸ್ಯೆಯ ದಿನ ದೋಣಿ ಬಂತು. ಬೊಕಾರಿ ಹುಚ್ಚ. ನಾನು ಬೈಯುವುದಲ್ಲ, ಆಮೇಲೆ ತನ್ನನ್ನು ತಾನೇ ಹಾಗೆ ಕರೆದುಕೊಂಡ. ದೋಣಿ ಖಾಲಿ ಹೋಗುತ್ತದೆ ಎಂದುಕೊಂಡಿದ್ದನಲ್ಲ! ದಣಿಯ ಮಗಳಿಗೆ ಬೇಕಾಗಿದ್ದದ್ದು ಒಬ್ಬ ಹುಡುಗಿ. ಯಾವ ಹುಡುಗಿಯಾದರೆ ಅವಳಿಗೇನು? ಗ್ರೇಡನ್ ಸಾಲಾಗಿ ನಿಂತ ಹುಡುಗಿಯರ ಮೇಲೆ ಕಣ್ಣಾಡಿಸಿ ಬೆರಳು ತೋರಿಸಿದ್ದು ಸೂಕಿಯ ಕಡೆಗೆ. ಕುಂಬಾಳ ಮಗಳು. ಹದಿನಾಲ್ಕು ವರ್ಷ.

ಕುಂಬಾ ಕೂಗಿದ್ದು ಒಂದೇ ಸಲ. ಆಮೇಲೆ ತಿರುಗಿ ಬೊಕಾರಿಯನ್ನು ನೋಡಿದಳು. ಅವಳ ಬಾಯಿ ತೆರೆಯಿತು. ಬೊಕಾರಿಯ ನಾಲಿಗೆ ಸತ್ತಿಲ್ಲವೆಂದು ಅವಳು ಒಂದು ಮಾತು ಹೇಳಿದ್ದರೆ ಸೂಕಿ ಇಳಿಯುತ್ತಿದ್ದಳು, ಫೆಂಡಾ ಹತ್ತುತ್ತಿದ್ದಳು. ಅವನೇ ಹೇಳಿದ್ದರೂ ಅಷ್ಟೇ. ಹಗ್ಗ ಬಿಚ್ಚುವವರೆಗೆ ಅವನ ಕಾಲು ನೆಲದಲ್ಲಿ ನಿಲ್ಲಲಿಲ್ಲ, ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಅವಳು ಬಾಯಿ ಮುಚ್ಚಿದಳು. ಅವನು ತೆರೆಯಲೇ ಇಲ್ಲ. ಇಳಿತದ ನೀರು ದೋಣಿಯನ್ನು ಕೊಂಡೊಯ್ದಿತು.

ಮುಂದಿನ ಭಾನುವಾರ ಕುಂಬಾ ಒಂದು ಬಟ್ಟಲು ಅನ್ನ ತಂದಳು, ಒಣಮೀನು, ಬೆಂಡೆಕಾಯಿ ಹಾಕಿದ್ದು. ಅವನ ಬಾಗಿಲಲ್ಲಿ ಕೂತಳು.

"ಉಣ್ಣಣ್ಣ."

ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಹಿಡಿಗಟ್ಟಲೆ ಉಪ್ಪು ಸುರಿದಿದ್ದಳು.

"ಹೆಂಗದೆ?"

ಬೊಕಾರಿ ಅವಳ ಮುಖ ನೋಡಿದ. "ಚೆನ್ನಾಗದೆ ಕಣವ್ವ."

"ಚೆನ್ನಾಗದಾ? ಹಂಗಾದ್ರೆ ಪೂರಾ ಉಣ್ಣು."

ಪೂರಾ ಉಂಡ. ಬಟ್ಟಲು ತೊಳೆದು ಕೊಟ್ಟ. ಅದರ ಮುಂದಿನ ಭಾನುವಾರವೂ ಅದೇ ಉಪ್ಪಿನ ಅನ್ನ ಬಂತು. ಫೆಂಡಾ ಒಮ್ಮೆ, "ಅಪ್ಪಾ, ನಾನೇ ಹೋಗಿ ಅವಳ ಕಾಲಿಗೆ ಬೀಳ್ತೀನಿ, ಇದು ನಿಂತೋಗ್ಲಿ" ಎಂದಳು. "ಬ್ಯಾಡ. ಅವಳಿಗೆ ಬೇರೆಲ್ಲೂ ಅಳಾಕ್ ಜಾಗ ಇಲ್ಲ" ಎಂದ.

ಹೀಗೆ ಒಂಬತ್ತು ವರ್ಷ. ಭಾನುವಾರ ಬೆಳಕು ಹರಿದರೆ ಅವನು ಒಳಗೂ ಹೊರಗೂ ತಿರುಗುತ್ತಿದ್ದ, ಅವಳು ಬರುವವರೆಗೆ ಕೂರುತ್ತಿರಲಿಲ್ಲ. ಸಾಯುವ ಮುಂಚೆ ಜ್ವರದಲ್ಲಿ ಮಲಗಿದ್ದ ಕೊನೆಯ ಭಾನುವಾರವೂ ಕುಂಬಾ ಬಂದಳು, ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಅವನು ಅಗಿದ. ಅನ್ನದಲ್ಲಿ ಉಪ್ಪು ಹದವಾಗಿತ್ತು. ಅಷ್ಟು ವರ್ಷ ಬರಿ ಉಪ್ಪಿಗೆ ಅಲುಗದಿದ್ದ ಹುಬ್ಬು ಅಲುಗಿತು. ನೋಡಲು ಬಂದಿದ್ದ ಎಲ್ಲರೆದುರು ಬೊಕಾರಿ ಗೊಳೋ ಎಂದು ಅತ್ತ.