ಶಿವನಂಜಮ್ಮನ ಫೋನು ಇನ್ನೂ ರೆಡಿಯಾಗಿಲ್ಲ

ತಿಪಟೂರಿನಲ್ಲಿ ನನ್ನ ಅಂಗಡಿಗೆ ಬಂದ ಮೊದಲ ಗಿರಾಕಿ, ನಾನು ಒರೆಸಿ ಜೋಡಿಸಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಫೋನೊಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಪರದೆ ನೋಡಲಿಲ್ಲ, ಕ್ಯಾಮೆರಾ ಕೇಳಲಿಲ್ಲ. ಇನ್ನೊಂದನ್ನು ಎತ್ತಿದ, ಅದನ್ನೂ ಅಲ್ಲಾಡಿಸಿದ. ಯಜಮಾನ್ರ, ಅದೇನು ಗಿಲಕಿ ಏನ್ರಿ ಎಂದು ಕೇಳಿಯೇಬಿಟ್ಟೆ. ಆತ ನಕ್ಕು, ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಕೈಗೆ ಅಭ್ಯಾಸವಾಗಿಬಿಟ್ಟಿದೆ ಎಂದ.

ವಿಜಯಪುರದಲ್ಲಿರುವ ನಿಮಗೆ ತೆಂಗಿನಕಾಯಿ ಎಂದರೆ ದೇವರ ಮುಂದೆ ಒಡೆಯುವುದು. ಇಲ್ಲಿ ಅದನ್ನು ಒಡೆಯದೆ ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ಒಂದು ವರ್ಷ ಸುಮ್ಮನೆ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗಿ ಒಳಗೆ ಗಡಗಡ ಉರುಳಬೇಕು. ಅಲ್ಲಿಯವರೆಗೆ ಯಾರಿಗೂ ಅವಸರವಿಲ್ಲ. ನಮ್ಮ ಬಾಡಿಗೆ ಮನೆಯ ಅಟ್ಟದ ತುಂಬ ಮಾಲೀಕರ ಕಾಯಿಗಳೇ ಇದ್ದವು. ಯಾವಾಗ ನೆತ್ತಿಯ ಮೇಲೆ ಬೀಳುತ್ತವೋ ಎಂದು ಮೊದಲ ವರ್ಷವೆಲ್ಲ ಗೋಡೆಗೆ ಒತ್ತಿಕೊಂಡು ಮಲಗಿದೆ.

ಗಂಡ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಹತ್ತು ವರ್ಷದ ಹಿಂದೆ ಅವರ ಬೆನ್ನು ಹತ್ತಿ, ಒಂದು ವರ್ಷದ ಮಗಳು ಸುಧಾಳನ್ನು ಎತ್ತಿಕೊಂಡು ಇಲ್ಲಿಗೆ ಬಂದೆ. ಊರಲ್ಲಿ ಮೊಬೈಲ್ ರಿಪೇರಿ ಕಲಿತಿದ್ದೆ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಾಪೆಯಗಲದ ಜಾಗ ಹಿಡಿದು ಅಂಗಡಿ ಇಟ್ಟೆ. ರೊಟ್ಟಿ ತಿಂದ ಬಾಯಿಗೆ ಮುದ್ದೆ ನುಂಗುವುದು ಬರಲು ಎಂಟು ತಿಂಗಳು ಬೇಕಾಯಿತು, ಅಗಿಯಬಾರದಂತೆ! ನನ್ನ ‘ಹೌದ್ರಿ’ ಕೇಳಿ ನಗಲೆಂದೇ ಕಾಲೇಜು ಹುಡುಗಿಯರು ಬರುತ್ತಿದ್ದರು. ಹೆಂಗಸು ರಿಪೇರಿ ಮಾಡುತ್ತಾಳೆ, ಒಳಗಿನ ಫೋಟೋ ಕೆದಕುವುದಿಲ್ಲ ಎಂಬ ಮಾತು ಬಿಳಿಗೆರೆ, ಶೆಟ್ಟಿಕೆರೆವರೆಗೂ ಹೋಯಿತು. ಅಂಗಡಿ ನಿಂತುಕೊಂಡಿತು.

ಒಂದೇ ಒಂದು ಮಾತು ಮಾತ್ರ ನನಗೆ ಇಂದಿಗೂ ಅರಗಿಲ್ಲ. ‘ಬಿಡು’ ನಮ್ಮ ಕಡೆಯೂ ಇದೆ. ಬಿಡು ಎಂದರೆ ಅಲ್ಲಿಗೆ ಮಾತು ಮುಗಿಯಿತು. ಇಲ್ಲಿಯವರ ‘ಇರ್ಲಿ ಬುಡು’ವಿನಲ್ಲಿ ಏನೂ ಮುಗಿಯುವುದಿಲ್ಲ. ಫೋನು ರೆಡಿಯಾಗಿದೆ ಎಂದು ಮನೆಯ ಇನ್ನೊಂದು ನಂಬರಿಗೆ ಹೇಳಿದರೆ, ಇರ್ಲಿ ಬುಡಿ, ಬತ್ತೀವಿ ಅನ್ನುತ್ತಾರೆ. ಬರುವುದಿಲ್ಲ. ಕಾಯಿಗೆ ಅಟ್ಟವಾದರೆ ಫೋನಿಗೆ ನನ್ನ ಡ್ರಾಯರು.

ಈ ಜೂನಿನಲ್ಲಿ ಗಂಡನಿಗೆ ವಿಜಯಪುರಕ್ಕೇ ವರ್ಗವಾಯಿತು. ಕುಣಿದಾಡುವಷ್ಟು ಸಂತೋಷ ನನಗೆ. ಶಾಲೆ ಶುರುವಾಗುತ್ತದೆಂದು ಅವರು ಸುಧಾಳನ್ನು ಕರೆದುಕೊಂಡು ಮುಂದೆ ಹೋದರು. ಫೋನುಗಳನ್ನೆಲ್ಲ ಅವರವರಿಗೆ ಮುಟ್ಟಿಸಿ ಹದಿನೈದು ದಿನದಲ್ಲಿ ಬಂದುಬಿಡುತ್ತೇನೆ ಎಂದೆ. ಇಲ್ಲಿ ಬೆಳೆದ ಸುಧಾ ಅಲ್ಲಿ ‘ಕಣೇ’ ಎಂದರೆ ತರಗತಿಯೆಲ್ಲ ನಗುತ್ತಿತ್ತಂತೆ. ದಿನಾ ಅಳುತ್ತಾ ಕೇಳುತ್ತಿದ್ದಳು: “ಅಮ್ಮ, ಯಾವಾಗ ಬತ್ತೀಯ?”

ಅಂಗಡಿ ಮುಚ್ಚುತ್ತಿದೆ, ಫೋನು ತೆಗೆದುಕೊಂಡು ಹೋಗಿ ಎಂದು ಬೋರ್ಡು ಹಾಕಿದೆ. ಅದನ್ನು ನಿಧಾನವಾಗಿ ಓದಿದವರೊಬ್ಬರು, ಹಾಗಾದರೆ ಹೋಗುವ ಮುಂಚೆ ಇದೊಂದನ್ನು ನೋಡಿ ಎಂದು ಇನ್ನೊಂದು ಫೋನು ಇಟ್ಟುಹೋದರು. ಹದಿನೈದು ದಿನ ಹೋಗಿ ಮೂರು ತಿಂಗಳಾಯಿತು. ಸಿಟ್ಟು ನೆತ್ತಿಗೇರಿತು. ಇವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಫೋನುಗಳನ್ನು ಚೀಲಕ್ಕೆ ತುಂಬಿಕೊಂಡು ಶೆಟ್ಟಿಕೆರೆ ಬಸ್ಸು ಹತ್ತಿದೆ.

ಮೊದಲ ಮನೆ ಶಿವನಂಜಮ್ಮನದು. ಅರವತ್ತು ದಾಟಿದ ಹೆಂಗಸು. ಅವರ ಫೋನಿನ ಪರದೆ ನಾನು ಬದಲಿಸಿ ವರ್ಷವಾಗಿತ್ತು. ಬಸ್ಸು ಹೆಂಗಸರಿಗೆ ಪುಕ್ಕಟೆ ತಾನೇ, ವಾರಕ್ಕೊಮ್ಮೆ ಬಂದು ನನ್ನ ಬೆಂಚಿನಲ್ಲಿ ಕೂತು, ಅದೇ ಫೋನಿನಲ್ಲಿ ಗಂಟೆಗಟ್ಟಲೆ ಯಾರ ಜೊತೆಗೋ ಮಾತಾಡಿ, ನಕ್ಕು, ಮತ್ತೆ ಡ್ರಾಯರಿಗೇ ಹಾಕಿ ಹೋಗುತ್ತಿದ್ದರು. ಒಯ್ಯಿರಿ ಎಂದರೆ ಇರ್ಲಿ ಬುಡು. ಊರಲ್ಲಿ ಸಿಗ್ನಲ್ ಇಲ್ಲವೇನೋ ಎಂದುಕೊಂಡಿದ್ದೆ, ಕೇಳಿರಲಿಲ್ಲ.

ಬಾಗಿಲಿಗೆ ಬಂದದ್ದು ಅವರ ಮಗ. ಒಳ್ಳೆಯವನೇ, ಕೂರಲು ಹೇಳಿ ಎಳನೀರು ಕೆತ್ತಿಕೊಟ್ಟ. ಫೋನು ಕೊಟ್ಟೆ. ಅಮ್ಮ ವಾರವಾರವೂ ನೋಡಿಕೊಂಡು ಬಂದು ಇನ್ನೂ ಆಗಿಲ್ಲ ಅಂತಿದ್ದರಲ್ಲ, ಯಾವಾಗ ರೆಡಿಯಾಯಿತು ಎಂದು ಕೇಳಿದ. ಹೋದ ವರ್ಷವೇ ಆಗೈತ್ರಿ ಎಂದೆ, ಜಂಬದಿಂದ! ಒಳಗಿನ ಬಾಗಿಲಲ್ಲಿ ನಿಂತಿದ್ದ ಶಿವನಂಜಮ್ಮನ ಮುಖ ನೋಡಿದಾಗಲೇ ನಾನು ಮಾಡಿದ ಘನಕಾರ್ಯ ನನಗೆ ಅರ್ಥವಾದದ್ದು. ಮಗ ಫೋನನ್ನು ಜೇಬಿಗೆ ಹಾಕಿಕೊಂಡ. ಬಸ್ಸಿನವರೆಗೆ ಕಳಿಸಲು ಬಂದ ಶಿವನಂಜಮ್ಮ ದಾರಿಯಲ್ಲಿ ಹೇಳಿದರು:

“ತುರುವೇಕೆರೇಲಿ ನನ್ ತಂಗಿ ಅವ್ಳೆ ಕಣವ್ವ. ತೋಟದ ಜಗಳ ಆದಾಗ್ಲಿಂದ ಮನೇಲಿ ಅವ್ಳ ಹೆಸ್ರು ಎತ್ತಂಗಿಲ್ಲ. ಫೋನು ರೆಡಿ ಇಲ್ಲ ಅನ್ನಾದೊಂದೇ ನಂಗೆ ಬಸ್ ಹತ್ತಾಕಿದ್ದ ನೆಪ. ನಿಂದೇನ್ ತಪ್ಪೈತೆ, ಬುಡು.”

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ಉಳಿದ ಮನೆಗಳಿಗೆ ಹೋಗುವ ಧೈರ್ಯವಾಗದೆ ಚೀಲವನ್ನು ಹಾಗೆಯೇ ವಾಪಸು ತಂದೆ. ಇದರಲ್ಲಿ ಯಾವುದು ಬರೀ ಮರೆತ ಫೋನು, ಯಾವುದು ಯಾರ ನೆಪ, ನನಗೇನು ಗೊತ್ತು?

ಒಂದೂವರೆ ತಿಂಗಳು ಶಿವನಂಜಮ್ಮ ಬರಲಿಲ್ಲ. ಆಮೇಲೊಂದು ದಿನ ಬಂದು, ಸೆರಗಿನ ಗಂಟು ಬಿಚ್ಚಿ ಅದೇ ಫೋನನ್ನು ಮೇಜಿನ ಮೇಲಿಟ್ಟರು. ಗಬ್ಬು ವಾಸನೆ. ಮಗ ಕೊನೆಗೂ ಕೈಗೆ ಕೊಟ್ಟ ದಿನವೇ ಹಸುವಿಗಿಟ್ಟ ಕಲಗಚ್ಚಿನ ಬಾನಿಯೊಳಗೆ ಬಿತ್ತಂತೆ. ಬಿತ್ತೋ, ಬೀಳಿಸಿದಿರೋ ಎಂದೆ. ಅವರು ಬೀದಿಯ ಕಡೆ ನೋಡಿದರು.

“ಇದು ಬೇಗ ಆಗಾದಿಲ್ಲ, ಅಲ್ವೇನವ್ವ?”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ನನ್ನ ಮಗಳು ಅಲ್ಲಿ ಕಾಯುತ್ತಿದ್ದಾಳೆ, ನನ್ನನ್ನು ಯಾಕೆ ಇಲ್ಲಿ ಕಟ್ಟಿಹಾಕುತ್ತೀರಿ ಎಂದು ಕೂಗಬೇಕೆನ್ನಿಸಿತು. ಓಣಿಯಲ್ಲಿ ಬೇರೆ ಅಂಗಡಿಗಳಿವೆ, ಅಲ್ಲಿ ಹೆಂಗಸರು ಗಂಟೆಗಟ್ಟಲೆ ಕೂರುವ ಹಾಗಿಲ್ಲ. ಬಿಚ್ಚಿ, ತೊಳೆದು, ಒಣಗಿಸಿದರೆ ಅರ್ಧ ದಿನದ ಕೆಲಸ.

“ಭಾಳ ಟೈಮ್ ಹಿಡೀತೈತ್ರಿ,” ಎಂದೆ.

ಆ ಭಾನುವಾರ ಸುಧಾಗೆ ಫೋನು ಮಾಡಿದೆ. “ಯವ್ವಾ, ನಂಗ ಗಣಿತದಾಗ ಎಲ್ಲಾರಕಿಂತ ಹೆಚ್ಚ ಮಾರ್ಕ್ಸ್ ಬಂದಾವ,” ಎಂದಳು. ಥೇಟ್ ನಮ್ಮೂರಿನ ಹುಡುಗಿ. ಈಗ ಅವಳನ್ನು ನೋಡಿ ಯಾರೂ ನಗುವುದಿಲ್ಲವಂತೆ. ಯಾವಾಗ ಬರುತ್ತೀ ಎಂದು ಕೇಳಿದರೆ ಯಾವ ಸುಳ್ಳು ಹೇಳುವುದೆಂದು ನಾನು ಬೆಳಿಗ್ಗೆಯಿಂದ ಯೋಚಿಸಿಟ್ಟುಕೊಂಡಿದ್ದೆ. ಅವಳು ಗೆಳತಿಯ ಸುದ್ದಿ ಹೇಳಿದಳು, ಅಪ್ಪ ಮಾಡಿದ ದಪ್ಪ ರೊಟ್ಟಿಯ ಸುದ್ದಿ ಹೇಳಿದಳು, ಆಡಲು ಕರೆಯುತ್ತಿದ್ದಾರೆ ಎಂದು ಫೋನಿಟ್ಟಳು. ಕೇಳಲೇ ಇಲ್ಲ.