ಬಾಗಿಲ ಪಕ್ಕದ ಕುರ್ಚಿ

ಅರವತ್ತರ ದಶಕದಲ್ಲಿ ಜಯನಗರದಲ್ಲಿ ಸ್ವಂತ ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರೊಬ್ಬರಿದ್ದರು. ಪ್ರಾಸ್ಟೇಟ್ ಊದಿಕೊಂಡ ಹಿರಿಯರು ನಾಚಿಕೆಯಿಂದ ಅವರೆದುರು ಬರೀ ಮಂಡಿನೋವಿನ ಮಾತಾಡುತ್ತಿದ್ದರು. ಡಾಕ್ಟರು ಕನ್ನಡಕ ಒರೆಸುತ್ತ ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ರಾಮನವಮಿ ಸಂಗೀತಕ್ಕೆ ಹೋದ್ರೆ ಎಲ್ಲಿ ಕೂತ್ಕೋತೀರಿ?”

“ಬಾಗಿಲ ಪಕ್ಕ,” ಎಂದರು, ಒಂದು ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ ನಮ್ಮಪ್ಪ. ಅದು ಘಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕಾದವರ ಜಾಗವೆಂದು ನನಗೆ ಆಗಲೇ ಹೊಳೆದದ್ದು.

“ಆಪರೇಷನ್ ಮಾಡಿಸ್ಕೊಳ್ಳಿ ರಾಯರೇ, ಮುಂದಿನ ವರ್ಷ ಮೊದಲನೇ ಸಾಲಲ್ಲಿ ಕೂತ್ಕೋತೀರಿ.”

ಅಪ್ಪ ಹೆದರುತ್ತಲೇ ಒಪ್ಪಿದರು. ಮರುವರ್ಷ ಮೊದಲನೇ ಸಾಲಿನಲ್ಲಿ ಕೂತವರು ಮಂಗಳ ಹಾಡುವವರೆಗೂ ಏಳಲಿಲ್ಲ. ಹೊರಡುವಾಗ ನೋಡಿದರೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಡಾಕ್ಟರು!

ಅಪ್ಪ ಬಗ್ಗಿ ಮೆಲ್ಲಗೆ ಕೇಳಿದರು: “ನಿಮ್ಮ ಆಪರೇಷನ್ ಯಾವಾಗ ಡಾಕ್ಟ್ರೇ?”

ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ತುಂಬಾ ನೋವಾಗುತ್ತಾ ರಾಯರೇ?”